ಔಷಧ ಕುಡಿಸಿದ ಮೇಲೆ ಜ್ವರ ಇಳಿದ ಮಗುವನ್ನು ಶಾಲೆಗೆ ಕಳುಹಿಸಬಹುದೇ?

ಪ್ರಶ್ನೆ: ಎರಡನೇ ತರಗತಿಯ ಹುಡುಗಿಯ ತಾಯಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಏಳು ವರ್ಷ. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಅವಳಿಗೆ ಒಂದು ಬಿಟ್ಟರೆ ಇನ್ನೊಂದು ಎಂಬಂತೆ ಆರೋಗ್ಯ ಕೆಡುತ್ತಿದೆ. ಮೊದಲು ನೆಗಡಿ, ಅದು ಹೋಗುವಷ್ಟರಲ್ಲಿ ಕೆಮ್ಮು, ಈಗ ಜ್ವರ. ಮೊನ್ನೆ ರಾತ್ರಿ 101 ಡಿಗ್ರಿ ಇತ್ತು. ಮಲಗುವ ಮುಂಚೆ ಪ್ಯಾರಾಸಿಟಮಾಲ್ ಸಿರಪ್ ಕೊಟ್ಟೆ. ನಸುಕಿನ ನಾಲ್ಕರ ಹೊತ್ತಿಗೆ ಮೈ ಮತ್ತೆ ಸುಡುತ್ತಿದ್ದುದರಿಂದ ಇನ್ನೊಮ್ಮೆ ಕೊಟ್ಟೆ. ಏಳು ಗಂಟೆಗೆ ನೋಡಿದರೆ 98.6. ಎದ್ದವಳೇ ಶೂ ಹುಡುಕತೊಡಗಿದಳು, ಏಕೆಂದರೆ ಅಂದು ಡ್ರಾಯಿಂಗ್ ಪಿರಿಯಡ್ ಇತ್ತು. ಏಳೂ ಮುಕ್ಕಾಲಿಗೆ ವ್ಯಾನ್ ಬಂದು ನಿಲ್ಲುತ್ತದೆ, ಅಷ್ಟರೊಳಗೆ ತೀರ್ಮಾನವಾಗಬೇಕು. ನಾನು ರಜೆ ಹಾಕಿ ಅವಳನ್ನು ಮನೆಯಲ್ಲೇ ಉಳಿಸಿಕೊಂಡೆ. ನಿನ್ನೆ ಸಂಜೆ ಮತ್ತೆ 100.8 ಇತ್ತು. ಇಂದು ಬೆಳಿಗ್ಗೆಯಿಂದ ಔಷಧ ಕೊಟ್ಟಿಲ್ಲ, ಜ್ವರವೂ ಇಲ್ಲ. ನಾಳೆ ಗಣಿತದ ಕಿರುಪರೀಕ್ಷೆಯಿದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಜ್ವರ ಬಿಟ್ಟ ಮೇಲೂ ಎರಡು ದಿನ ಹೊರಗಿನ ಗಾಳಿ ತಾಗಬಾರದು ಎಂಬುದು ನಮ್ಮತ್ತೆಯವರ ಮಾತು. ಮಕ್ಕಳೆಂದ ಮೇಲೆ ಸಣ್ಣಪುಟ್ಟ ಜ್ವರ ಬಂದು ಹೋಗುತ್ತಿರುತ್ತದೆ, ಪ್ರತಿ ಸಲ ಶಾಲೆ ಬಿಡಿಸಿದರೆ ಪಾಠ ಹಿಂದೆ ಬೀಳುತ್ತದೆ ಎಂಬುದು ಪತಿಯ ಮಾತು. ಶಾಲೆಯ ಡೈರಿಯಲ್ಲಿ ‘ಅನಾರೋಗ್ಯವಿದ್ದಲ್ಲಿ ಮಗುವನ್ನು ಕಳುಹಿಸಬೇಡಿ’ ಎಂದಷ್ಟೇ ಮುದ್ರಿಸಿದ್ದಾರೆ. ಯಾವುದನ್ನು ಅನಾರೋಗ್ಯವೆಂದು ಎಣಿಸಬೇಕೆಂದು ಎಲ್ಲೂ ಬರೆದಿಲ್ಲ. ಕೆಮ್ಮಂತೂ ವಾರಗಟ್ಟಲೆ ಇರುತ್ತದೆ. ಅದು ಪೂರ್ತಿ ನಿಲ್ಲುವ ತನಕ ಕಾಯಬೇಕೆಂದರೆ ಈ ಮಳೆಗಾಲದಲ್ಲಿ ಅವಳು ಶಾಲೆಯ ಮುಖವನ್ನೇ ನೋಡುವುದಿಲ್ಲ. ತಿಳಿದವರು, ಅದರಲ್ಲೂ ವೈದ್ಯರು ಮತ್ತು ಶಿಕ್ಷಕರು, ಬೆಳಗಿನ ಆ ಮುಕ್ಕಾಲು ಗಂಟೆಯಲ್ಲಿ ಏನನ್ನು ನೋಡಿ ತೀರ್ಮಾನಿಸಬೇಕೆಂದು ದಯವಿಟ್ಟು ತಿಳಿಸಿಕೊಡಿ.

ಉತ್ತರ: ಮಕ್ಕಳ ವೈದ್ಯ, ದಾವಣಗೆರೆ

ನಮಸ್ಕಾರ ತಾಯಿ. ನೀವು ಮಗುವನ್ನು ಮನೆಯಲ್ಲಿ ಉಳಿಸಿಕೊಂಡದ್ದು ಒಳ್ಳೆಯದಾಯಿತು. ಪ್ಯಾರಾಸಿಟಮಾಲ್ ಜ್ವರದ ಮೂಲವನ್ನು ವಾಸಿ ಮಾಡುವುದಿಲ್ಲ. ಮೈಯ ಬಿಸಿಯನ್ನು ನಾಲ್ಕರಿಂದ ಆರು ಗಂಟೆಗಳ ಕಾಲ ತಗ್ಗಿಸಿಡುತ್ತದೆ, ಅಷ್ಟೆ. ನಸುಕಿನ ನಾಲ್ಕಕ್ಕೆ ಕೊಟ್ಟ ಔಷಧದ ಪ್ರಭಾವ ಏಳಕ್ಕೆ ಇನ್ನೂ ಇರುತ್ತದೆ. ಆಗ ಕಾಣುವ 98.6 ಔಷಧದ ಅಂಕಿ, ಮಗುವಿನದಲ್ಲ. ಆ ಮಗು ವ್ಯಾನ್ ಹತ್ತಿ ಹೋದರೆ ಹತ್ತು ಗಂಟೆಯ ಸುಮಾರಿಗೆ ತರಗತಿಯಲ್ಲಿ ಚಳಿಯಿಂದ ನಡುಗುತ್ತ ಕುಳಿತಿರುತ್ತದೆ. ಆದ್ದರಿಂದಲೇ ನಾವು ವೈದ್ಯರು ‘ಔಷಧವಿಲ್ಲದೆ 24 ಗಂಟೆ ಜ್ವರ ಬಾರದಿದ್ದ ಮೇಲೆ ಶಾಲೆ’ ಎಂದು ಹೇಳುವುದು. ಜ್ವರವೆಂದರೆ ಇಲ್ಲಿ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು. ಕಂಕುಳಲ್ಲಿಟ್ಟು ನೋಡುವುದಾದರೆ ಅಂಕಿ ಸ್ವಲ್ಪ ಕಡಿಮೆ ಬರುವುದರಿಂದ 99.5 ದಾಟಿದರೆ ಜ್ವರವೆಂದೇ ತಿಳಿಯಬೇಕು.

ಔಷಧದ ಪ್ರಮಾಣದ ಬಗ್ಗೆಯೂ ಒಂದು ಮಾತು. ಅದನ್ನು ವಯಸ್ಸಿನ ಲೆಕ್ಕದಲ್ಲಿ ಅಲ್ಲ, ತೂಕದ ಲೆಕ್ಕದಲ್ಲಿ ಕೊಡಬೇಕು: ಒಂದು ಕಿಲೋ ತೂಕಕ್ಕೆ ಸುಮಾರು 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಿರಪ್‌ಗಳಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂನದೂ ಇದೆ, 250 ಮಿಲಿಗ್ರಾಂನದೂ ಇದೆ. ಬಾಟಲಿ ಬದಲಾದಾಗಲೆಲ್ಲ ಲೇಬಲ್ ಓದದೆ ಅಳತೆಯ ಮುಚ್ಚಳಕ್ಕೆ ಸುರಿಯಬೇಡಿ. ಸಿರಪ್ ಬಾಟಲಿಯನ್ನು ಶಾಲೆಯ ಚೀಲದಲ್ಲಿಟ್ಟು, ಆಯಾ ಅವರಿಗೆ ಹೇಳಿ ಕುಡಿಸುವ ರೂಢಿ ಕೆಲವು ಮನೆಗಳಲ್ಲಿದೆ. ಅದು ಬೇಡವೇ ಬೇಡ.

ಇನ್ನು ನಿಮ್ಮ ಮಗುವಿನ ವಿಷಯದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆಯೇ ಸಂಗತಿ. ಮೊನ್ನೆ ರಾತ್ರಿ ಶುರುವಾದ ಜ್ವರ ಇಂದು ಇಳಿದಿದೆ, ಕಾಲ ಮಳೆಗಾಲ. ನೆಗಡಿಯ ಜ್ವರವಾದರೆ ಇಳಿದ ಮೇಲೆ ಮಗು ಚೇತರಿಸಿಕೊಳ್ಳುತ್ತದೆ, ಡೆಂಗಿಯಲ್ಲಿ ಹಾಗಲ್ಲ. ಡೆಂಗಿ ಜ್ವರ ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ ಇಳಿಯುತ್ತದೆ, ಮತ್ತು ಅಪಾಯದ ಅವಧಿ ಆರಂಭವಾಗುವುದೇ ಆಗ. ಜ್ವರ ಬಿಟ್ಟ ನಂತರದ ಒಂದೆರಡು ದಿನಗಳಲ್ಲಿ ಸಣ್ಣ ರಕ್ತನಾಳಗಳಿಂದ ದ್ರವ ಹೊರಗೆ ಸೋರುತ್ತದೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ ಕುಸಿಯುತ್ತದೆ, ಕೆಲವು ಮಕ್ಕಳಲ್ಲಿ ರಕ್ತದೊತ್ತಡ ಬಿದ್ದುಹೋಗುತ್ತದೆ. ಮೈ ತಣ್ಣಗಾಯಿತೆಂದು ಮನೆಯವರು ನಿಟ್ಟುಸಿರು ಬಿಟ್ಟ ದಿನವೇ ಮಗು ಶಾಲೆಯಲ್ಲಿ ಕುಸಿದು, ಅಲ್ಲಿಂದ ನೇರವಾಗಿ ತುರ್ತು ಚಿಕಿತ್ಸೆಗೆ ಬಂದುದನ್ನು ನಾನು ಕಂಡಿದ್ದೇನೆ. 2024ರ ಮಳೆಗಾಲದಲ್ಲಿ ಪ್ರಕರಣಗಳು ಹೆಚ್ಚಿದಾಗ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತ್ತು; ಇದು ಎಲ್ಲೋ ದೂರದ ಕಾಯಿಲೆಯೆಂದು ನಾವು ಸುಮ್ಮನಿರುವಂತಿಲ್ಲ.

ಆದ್ದರಿಂದ ಜೂನ್‌ನಿಂದ ನವೆಂಬರ್‌ವರೆಗಿನ ತಿಂಗಳುಗಳಲ್ಲಿ, ನೆಗಡಿ ಕೆಮ್ಮು ಇಲ್ಲದೆ ಬರೀ ಜ್ವರ, ತಲೆನೋವು, ಕಣ್ಣಿನ ಹಿಂದೆ ನೋವು, ಮೈಕೈ ನೋವು ಇದ್ದರೆ 24 ಗಂಟೆಯ ಲೆಕ್ಕವನ್ನು ಬದಿಗಿಡಿ. ಜ್ವರ ಇಳಿದ ನಂತರ ಎರಡು ಪೂರ್ಣ ದಿನ ಮನೆಯಲ್ಲಿರಲಿ, ಚೆನ್ನಾಗಿ ನೀರು ಕುಡಿಯಲಿ, ಎಷ್ಟು ಸಲ ಮೂತ್ರಕ್ಕೆ ಹೋಯಿತೆಂದು ಗಮನಿಸಿ. ಹೊಟ್ಟೆನೋವು, ಬಿಡದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಎಬ್ಬಿಸಿದರೂ ಮಂಕಾಗಿ ಮಲಗಿಬಿಡುವುದು: ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಇಂಥ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೆನ್ ಆಗಲಿ ಆಸ್ಪಿರಿನ್ ಆಗಲಿ ಕೊಡಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಡೆಂಗಿ ಪತ್ತೆಯ ಎನ್‌ಎಸ್1 ರಕ್ತಪರೀಕ್ಷೆಯನ್ನು ಜ್ವರದ ಮೊದಲ ಐದು ದಿನಗಳೊಳಗೆ ಮಾಡಿಸಿದರೆ ಹೆಚ್ಚು ಉಪಯುಕ್ತ. ನಿಮ್ಮ ಮಗುವಿಗೆ ನೆಗಡಿ ಕೆಮ್ಮು ಮೊದಲಿನಿಂದಲೂ ಇರುವುದರಿಂದ ಇದು ಡೆಂಗಿಯಾಗಿರುವ ಸಾಧ್ಯತೆ ಕಡಿಮೆ, ಆದರೂ ಇಂದೇ ಹತ್ತಿರದ ವೈದ್ಯರಿಗೆ ಒಮ್ಮೆ ತೋರಿಸಿ, ಅಗತ್ಯವೆನಿಸಿದರೆ ಅವರು ರಕ್ತಪರೀಕ್ಷೆ ಬರೆದುಕೊಡುತ್ತಾರೆ. ನಿನ್ನೆ ಸಂಜೆ ಜ್ವರವಿದ್ದ ಮಗು ನಾಳೆಯ ಪರೀಕ್ಷೆಗೆ ಹೋಗದಿದ್ದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಬೇರೆ ಕಾಯಿಲೆಗಳಲ್ಲಿ ಶಾಲೆಗೆ ಎಷ್ಟು ಕಾಯಬೇಕೆಂದೂ ಹೇಳಿಬಿಡುತ್ತೇನೆ. ವಾಂತಿಭೇದಿಯಾದರೆ ಕೊನೆಯ ವಾಂತಿ ಅಥವಾ ಭೇದಿಯಾಗಿ 48 ಗಂಟೆ ಕಳೆಯಲಿ. ಕಣ್ಣು ಬೇನೆಯಲ್ಲಿ ಕಣ್ಣಿನಿಂದ ಕೀವು ಸೋರುವುದು ನಿಲ್ಲಲಿ; 2023ರ ಜುಲೈ, ಆಗಸ್ಟ್‌ನಲ್ಲಿ ಅದು ಒಂದೊಂದು ಬೆಂಚಿನಿಂದ ಇಡೀ ತರಗತಿಗೆ ಹೇಗೆ ಹರಡಿತೆಂದು ಎಲ್ಲರಿಗೂ ನೆನಪಿದೆ. ಅಂಗೈ, ಅಂಗಾಲು, ಬಾಯಲ್ಲಿ ಗುಳ್ಳೆಯೇಳುವ ಕೈ ಕಾಲು ಬಾಯಿ ರೋಗಕ್ಕೆ ಜ್ವರ ಹೋಗಿ ಗುಳ್ಳೆ ಒಣಗಬೇಕು. ದಡಾರಕ್ಕೆ ದದ್ದು ಕಾಣಿಸಿಕೊಂಡ ದಿನದಿಂದ ನಾಲ್ಕು ದಿನ, ಮಂಗನಬಾವಿಗೆ ಕೆನ್ನೆ ಊದಿದಂದಿನಿಂದ ಐದು ದಿನ ಮನೆ. ತಲೆಯಲ್ಲಿ ಹೇನಿದೆಯೆಂದು ಮಾತ್ರ ಯಾವ ಮಗುವನ್ನೂ ಶಾಲೆ ಬಿಡಿಸಬೇಕಾಗಿಲ್ಲ; ಸಂಜೆ ಮನೆಗೆ ಬಂದ ಮೇಲೆ ಚಿಕಿತ್ಸೆ ಮಾಡಿದರೆ ಸಾಕು.

ಉತ್ತರ: ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಸಕಲೇಶಪುರ ತಾಲ್ಲೂಕು

ಡಾಕ್ಟರು ಹೇಳಿದ ಮೇಲೆ ವೈದ್ಯಕೀಯದ ಬಗ್ಗೆ ನಾನು ಸೇರಿಸಬೇಕಾದದ್ದೇನಿಲ್ಲ. ತರಗತಿಯ ಒಳಗಿನಿಂದ ಕಾಣುವುದನ್ನು ಬರೆಯುತ್ತೇನೆ.

ನಮ್ಮ ಶಾಲೆಯ ಹೆಚ್ಚಿನ ಮಕ್ಕಳ ತಂದೆತಾಯಿ ಕಾಫಿ ತೋಟದ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಎಂಟಕ್ಕೆ ಮನೆಗೆ ಬೀಗ ಬೀಳುತ್ತದೆ. ಜ್ವರವಿದ್ದ ಮಗುವನ್ನು ಯಾರ ಬಳಿ ಬಿಟ್ಟು ಹೋಗಬೇಕು? ಒಂದು ದಿನ ಕೆಲಸಕ್ಕೆ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಶಾಲೆಯಲ್ಲಾದರೆ ಬಿಸಿಯೂಟ ಸಿಗುತ್ತದೆ, ಟೀಚರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯಿಂದ ಕಳುಹಿಸುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಆದರೆ ಆ ಮಗು ಇಲ್ಲಿ ಹೇಗಿರುತ್ತದೆಂದು ಎಲ್ಲ ತಾಯಂದಿರಿಗೂ ತಿಳಿಯಬೇಕು.

ಕಳೆದ ಆಷಾಢದಲ್ಲಿ ಒಂದನೇ ತರಗತಿಯ ಹುಡುಗನೊಬ್ಬ ಸ್ವೆಟರಿನ ತೋಳಿನೊಳಗೆ ಎರಡೂ ಕೈ ಎಳೆದುಕೊಂಡು, ಗೋಡೆಗೆ ತಲೆಯಾನಿಸಿ ಕುಳಿತಿದ್ದ. ಸ್ಲೇಟಿನ ಮೇಲೆ ‘ಅ’ದ ಮೊದಲ ಸುತ್ತು ಮಾತ್ರ ಬರೆದಿತ್ತು. ಮಾತನಾಡಿಸಿದರೆ ತಲೆಯಾಡಿಸುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಮಧ್ಯಾಹ್ನ ಮೊಟ್ಟೆ ಕೊಡುವ ದಿನ. ಉಳಿದ ದಿನ ಮೊಟ್ಟೆಯೆಂದರೆ ಸಾಲಿನಲ್ಲಿ ಮುಂದೆ ಬಂದು ನಿಲ್ಲುವ ಹುಡುಗ ಅಂದು ತಟ್ಟೆಯನ್ನು ಪಕ್ಕದವನ ಕಡೆಗೆ ತಳ್ಳಿದ. ಅವನನ್ನು ಕಚೇರಿ ಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿ, ತಂದೆಯ ನಂಬರಿಗೆ ಕರೆ ಮಾಡಿದರೆ ತೋಟದೊಳಗೆ ನೆಟ್‌ವರ್ಕ್ ಇಲ್ಲ. ಶಾಲೆಯಲ್ಲಿರುವುದು ಇಬ್ಬರು ಶಿಕ್ಷಕಿಯರು. ಒಬ್ಬರು ಮಗುವಿನ ಪಕ್ಕ ಕುಳಿತರೆ ಇನ್ನೊಬ್ಬರು ಐದು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಳ್ಳಬೇಕು. ಅಂದು ಆ ಮಗು ಏನನ್ನೂ ಕಲಿಯಲಿಲ್ಲ, ಉಳಿದ ಮಕ್ಕಳೂ ಕಲಿಯಲಿಲ್ಲ.

ನಾನು ಪೋಷಕರ ಸಭೆಯಲ್ಲಿ ಹೇಳುವುದು ಇಷ್ಟು. ಥರ್ಮಾಮೀಟರ್ ಇಲ್ಲದ ಮನೆಯಲ್ಲೂ ಮಗುವನ್ನು ನೋಡಿ ತಿಳಿಯಬಹುದು. ಎದ್ದ ಮೇಲೆ ಎಂದಿನಂತೆ ತಿಂಡಿ ತಿಂದಿತೇ? ತಾನಾಗಿ ಆಡಲು ಹೋಯಿತೇ, ಮತ್ತೆ ಹೊದ್ದು ಮಲಗಿತೇ? ಕೆಮ್ಮಿ ಕೆಮ್ಮಿ ರಾತ್ರಿ ನಿದ್ದೆಗೆಟ್ಟಿದೆಯೇ? ತರಗತಿಯಲ್ಲಿ ನೆಟ್ಟಗೆ ಕುಳಿತು ಮಧ್ಯಾಹ್ನದವರೆಗೆ ಪಾಠ ಕೇಳುವಷ್ಟು ತ್ರಾಣ ಅದಕ್ಕಿದೆಯೆಂದು ನಿಮಗೆ ಅನ್ನಿಸದಿದ್ದರೆ ಕಳುಹಿಸಬೇಡಿ. ದಾಖಲಾತಿ ಪುಸ್ತಕದಲ್ಲಿ ಎರಡನೆಯ ಫೋನ್ ನಂಬರ್ ಬರೆಸಿ. ತೋಟದ ಲೆಕ್ಕ ನೋಡಿಕೊಳ್ಳುವ ರೈಟರದ್ದಾಗಲಿ, ಅಂಗಡಿಯವರದ್ದಾಗಲಿ, ನಿಮಗೆ ಸುದ್ದಿ ಮುಟ್ಟಿಸಬಲ್ಲ ಯಾರದ್ದಾದರೂ ಸರಿ.

2025ರ ಮೇ ಕೊನೆಯಲ್ಲಿ ಕೋವಿಡ್ ಪ್ರಕರಣಗಳು ಮತ್ತೆ ಕಾಣಿಸಿಕೊಂಡಾಗ ರಾಜ್ಯ ಸರ್ಕಾರ ಶಾಲೆಗಳಿಗೆ ಸುತ್ತೋಲೆ ಕಳುಹಿಸಿ, ಜ್ವರ, ಕೆಮ್ಮು, ನೆಗಡಿಯ ಲಕ್ಷಣಗಳಿರುವ ಮಕ್ಕಳನ್ನು ಕಳುಹಿಸಬಾರದು, ಬಂದರೆ ಪೋಷಕರಿಗೆ ತಿಳಿಸಿ ಮನೆಗೆ ಕಳುಹಿಸಬೇಕು ಎಂದಿತ್ತು. ಸುತ್ತೋಲೆ ಸರಿಯಾದದ್ದೇ. ಆದರೆ ಅದನ್ನು ಪಾಲಿಸಬೇಕಾದರೆ ನಾವು ಶಾಲೆಯವರೂ ಒಂದು ಕೆಲಸ ಬಿಡಬೇಕು: ವರ್ಷಪೂರ್ತಿ ಒಂದು ದಿನವೂ ತಪ್ಪದೆ ಬಂದ ಮಗುವಿಗೆ ವಾರ್ಷಿಕೋತ್ಸವದಲ್ಲಿ ಬಹುಮಾನ ಕೊಡುವುದನ್ನು ನಿಲ್ಲಿಸಬೇಕು. ಆ ಸ್ಟೀಲ್ ಲೋಟದ ಆಸೆಗೆ ಮೈ ಸುಡುತ್ತಿದ್ದರೂ ‘ನನಗೇನೂ ಆಗಿಲ್ಲ ಮಿಸ್’ ಎನ್ನುವ ಮಕ್ಕಳಿದ್ದಾರೆ. ನಮ್ಮಲ್ಲಿ ಆ ಬಹುಮಾನವನ್ನು ಓದುವ ಮೂಲೆಯಲ್ಲಿ ಹೆಚ್ಚು ಪುಸ್ತಕ ಓದಿದವರಿಗೆ ಬದಲಾಯಿಸಿದ್ದೇವೆ. ಎಸ್‌ಎಸ್‌ಎಲ್‌ಸಿಗೆ ಶೇ 75 ಹಾಜರಾತಿ ಬೇಕೆಂಬುದು ನಿಜ. ಎರಡನೇ ತರಗತಿಯ ಮಗುವಿಗೆ ಆ ಭಯ ಬೇಡ.

ಉತ್ತರ: ನಾಲ್ಕನೇ ತರಗತಿಯ ಹುಡುಗನ ತಂದೆ, ಹುಬ್ಬಳ್ಳಿ

ಎಲ್ಲರೂ ತಮ್ಮ ಮಗುವಿನ ಕಡೆಯಿಂದ ಯೋಚಿಸುತ್ತಿದ್ದಾರೆ, ಅದು ಸಹಜ. ನಾನು ಪಕ್ಕದ ಬೆಂಚಿನ ಮಗುವಿನ ಕಡೆಯಿಂದ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ನೆಫ್ರೋಟಿಕ್ ಸಿಂಡ್ರೋಮ್ ಇದೆ. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗಿ, ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿಕೊಳ್ಳುವ ಕಾಯಿಲೆ. ಅದು ಮರುಕಳಿಸಿದಾಗಲೆಲ್ಲ ವಾರಗಟ್ಟಲೆ ಸ್ಟೀರಾಯ್ಡ್ ಮಾತ್ರೆ ಕೊಡಬೇಕಾಗುತ್ತದೆ, ಆ ಅವಧಿಯಲ್ಲಿ ರೋಗನಿರೋಧಕ ಶಕ್ತಿ ತಗ್ಗಿರುತ್ತದೆ. ನೋಡುವವರಿಗೆ ಅವನು ದುಂಡು ಮುಖದ ಆರೋಗ್ಯವಂತ ಹುಡುಗ. ಬೇರೆ ಮಕ್ಕಳಿಗೆ ಒಂದು ವಾರದ ತುರಿಕೆಯಾಗಿ ಮುಗಿದುಹೋಗುವ ಚಿಕನ್‌ಪಾಕ್ಸ್ ಅವನಿಗೆ ಪ್ರಾಣಕ್ಕೇ ಕುತ್ತಾಗಬಹುದೆಂದು ನಮ್ಮ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಸ್ಟೀರಾಯ್ಡ್ ಹೆಚ್ಚಿರುವಾಗ ಅದರ ಲಸಿಕೆಯನ್ನೂ ಹಾಕುವಂತಿಲ್ಲ. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಅದು ಇಲ್ಲದಿರುವುದರಿಂದ ತರಗತಿಯ ಎಷ್ಟೋ ಮಕ್ಕಳಿಗೂ ಆಗಿರುವುದಿಲ್ಲ.

ನಮ್ಮ ಕಡೆ ‘ಅಮ್ಮ ಬಂದಿದ್ದಾಳೆ’ ಎಂದರೆ ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ತಲೆಗೆ ನೀರು ಹಾಕುವ ತನಕ ಮಗುವನ್ನು ಹೊರಗೆ ಬಿಡುವುದಿಲ್ಲ. ಹಿರಿಯರ ಆ ಪದ್ಧತಿ ಒಳ್ಳೆಯದು. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ, ಸಾಮಾನ್ಯವಾಗಿ ಐದು ದಿನಕ್ಕೆ ಕಡಿಮೆಯಿಲ್ಲದೆ, ಮನೆಯಲ್ಲಿರಬೇಕೆಂದು ವೈದ್ಯರೂ ಹೇಳುತ್ತಾರೆ. ತೊಂದರೆಯಿರುವುದು ಇನ್ನೊಂದು ಕಡೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅದು ಹರಡಲು ಶುರುವಾಗಿರುತ್ತದೆ, ಅಂದರೆ ನಿಮ್ಮ ಮಗು ಮನೆಯಲ್ಲಿ ಉಳಿಯುವ ಹೊತ್ತಿಗೆ ನನ್ನ ಮಗನ ಪಕ್ಕದಲ್ಲಿ ಆಗಲೇ ಕುಳಿತು ಹೋಗಿರುತ್ತದೆ. ಆಗ ಅವನನ್ನು ಕಾಪಾಡಬಲ್ಲದ್ದು ಸುದ್ದಿ ಮಾತ್ರ. ಅಂಥ ಮಕ್ಕಳಿಗೆ ಕೊಡುವ ರಕ್ಷಣೆಯ ಇಂಜೆಕ್ಷನ್ ಇದೆ, ಸಂಪರ್ಕವಾದ ನಾಲ್ಕು ದಿನಗಳೊಳಗೆ ಬಿದ್ದರೆ ಒಳ್ಳೆಯದು, ಹತ್ತು ದಿನ ದಾಟಿದರೆ ಕೊಡುವುದರಲ್ಲಿ ಅರ್ಥವಿಲ್ಲ. ಹೋದ ವರ್ಷ ಅವನ ತರಗತಿಯ ಮಗುವಿಗೆ ಚಿಕನ್‌ಪಾಕ್ಸ್ ಬಂದಾಗ ರಜೆ ಚೀಟಿಯಲ್ಲಿ ‘ಊರಿಗೆ ಹೋಗಿದ್ದೇವೆ’ ಎಂದಿತ್ತು. ಹೇಗೋ ಬೇರೆ ಪೋಷಕರಿಂದ ನಮಗೆ ತಿಳಿಯಿತು, ಸಮಯಕ್ಕೆ ಆಸ್ಪತ್ರೆ ಸೇರಿದೆವು, ಮಗ ಉಳಿದ. ಆ ಮನೆಯವರ ಮೇಲೆ ನನಗೆ ಕೋಪವಿಲ್ಲ. ಊರವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಅವರಿಗಿತ್ತು.

ಆದ್ದರಿಂದ ನನ್ನ ಕೈಮುಗಿದ ಬೇಡಿಕೆ ಇದು. ಮಗುವನ್ನು ಮನೆಯಲ್ಲಿ ಉಳಿಸಿಕೊಂಡಾಗ ಕಾಯಿಲೆ ಯಾವುದೆಂದು ಶಾಲೆಗೆ ಅದೇ ದಿನ ನಿಜವನ್ನು ತಿಳಿಸಿ. ಹೆಸರನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಕಿಲ್ಲ. ‘ಈ ತರಗತಿಯಲ್ಲಿ ಒಂದು ಮಗುವಿಗೆ ಚಿಕನ್‌ಪಾಕ್ಸ್ ಆಗಿದೆ’ ಎಂದು ಶಾಲೆಯವರು ಉಳಿದವರಿಗೆ ತಿಳಿಸಿದರೆ ನಮ್ಮಂಥವರಿಗೆ ಅಷ್ಟೇ ಸಾಕು.

ಉತ್ತರ: ಗಾರ್ಮೆಂಟ್ಸ್ ಕೆಲಸಗಾರ್ತಿ, ಬೆಂಗಳೂರು

ಸಕಲೇಶಪುರದ ಮೇಡಂ ಬರೆದದ್ದನ್ನು ಓದಿ ನನ್ನ ಮನೆಯ ಕಥೆಯನ್ನೇ ಓದಿದಂತಾಯಿತು. ನಮ್ಮ ವಠಾರದಲ್ಲಿ ನಾಲ್ಕು ಮನೆಯ ಹೆಂಗಸರು ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ನಾಲ್ವರ ಕೆಲಸಗಳೂ ಬೇರೆ ಬೇರೆ. ಮನೆಗೆಲಸಕ್ಕೆ ಹೋಗುವ ಅಕ್ಕ ಹನ್ನೊಂದಕ್ಕೆ ಮರಳುತ್ತಾರೆ, ಹೂವು ಕಟ್ಟುವವರು ಮನೆಯಲ್ಲೇ ಇರುತ್ತಾರೆ. ಯಾರ ಮಗುವಿಗೆ ಹುಷಾರಿಲ್ಲದಿದ್ದರೂ ಹೂವಿನ ಅಕ್ಕನ ಮನೆಯಲ್ಲಿ ಗಂಜಿ, ಒಆರ್‌ಎಸ್ ಪೊಟ್ಟಣ, ಔಷಧದ ಚೀಟಿ ಇಟ್ಟು ಹೋಗುತ್ತೇವೆ. ಭಾನುವಾರ ಅವರ ಹೂವಿನ ಕೆಲಸಕ್ಕೆ ನಾವು ಕೈಜೋಡಿಸುತ್ತೇವೆ. ಅಂಟುವ ಕಾಯಿಲೆಯಾದರೆ ಮಾತ್ರ ಈ ಏರ್ಪಾಡು ನಡೆಯದು, ಆಗ ತಾಯಿ ಸಂಬಳ ಬಿಟ್ಟು ಕೂರಲೇಬೇಕು. ಮಗುವಿಗೆ ಜ್ವರ ಬಂದ ದಿನ ತಾಯಿಗೆ ಸಂಬಳ ಸಹಿತ ರಜೆ ಸಿಗುವಂತಾದರೆ, ಕಾಯಿಲೆಯ ಮಕ್ಕಳು ಶಾಲೆಗೆ ಬರುವುದು ತಾನಾಗಿ ಕಡಿಮೆಯಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ ಕೇಳಿದವರು, ಮೈಸೂರು

ಎಲ್ಲರಿಗೂ ಮನಸಾರೆ ಧನ್ಯವಾದ. ಮಧ್ಯಾಹ್ನ ವೈದ್ಯರಿಗೆ ತೋರಿಸಿ ಬಂದೆವು. ಗಂಟಲು ಕೆಂಪಾಗಿದೆ, ವೈರಲ್ ಜ್ವರವಿರಬಹುದು ಎಂದರು. ರಕ್ತಪರೀಕ್ಷೆಯಲ್ಲಿ ಡೆಂಗಿ ಇಲ್ಲವೆಂದು ಬಂದಿದೆ. ನಾಳೆಯೂ ರಜೆ ಹಾಕಿಸುತ್ತಿದ್ದೇನೆ, ಕಾರಣವನ್ನು ತರಗತಿಯ ಮಿಸ್‌ಗೆ ಸರಿಯಾಗಿ ಬರೆದು ಕಳುಹಿಸಿದ್ದೇನೆ. ಡಾಕ್ಟರಲ್ಲಿ ಇನ್ನೆರಡು ವಿಷಯ ಕೇಳಬೇಕಿತ್ತು. ಕೆಮ್ಮು ಇರುವಾಗ ಕಳುಹಿಸಬಹುದೇ? ಜ್ವರವಿಲ್ಲದೆ, ಬೆಳಿಗ್ಗೆ ಹೊರಡುವ ಹೊತ್ತಿಗೆ ಮಾತ್ರ ಹೊಟ್ಟೆನೋವು ಎನ್ನುವ ದಿನಗಳಲ್ಲಿ ಏನು ಮಾಡಬೇಕು?

ಉತ್ತರ: ಮಕ್ಕಳ ವೈದ್ಯ, ದಾವಣಗೆರೆ

ವರದಿ ನೋಡಿ ಸಮಾಧಾನವಾಯಿತು. ಪರೀಕ್ಷೆಯಲ್ಲಿ ಇಲ್ಲವೆಂದು ಬಂದಿದ್ದರೂ ಜ್ವರ ಮರಳಿದರೆ ಅಥವಾ ಆಗ ಹೇಳಿದ ಲಕ್ಷಣಗಳು ಕಂಡರೆ ಮತ್ತೆ ತೋರಿಸಿ.

ವೈರಲ್ ನೆಗಡಿಯ ನಂತರದ ಕೆಮ್ಮು ಎರಡು ಮೂರು ವಾರ ಉಳಿಯುವುದು ಸಾಮಾನ್ಯ. ಜ್ವರವಿಲ್ಲ, ಉಸಿರು ಸಲೀಸಾಗಿದೆ, ರಾತ್ರಿ ನಿದ್ದೆ ಬಂದಿದೆ, ತಿಂಡಿ ತಿಂದಿದೆ ಎಂದರೆ ಕರವಸ್ತ್ರ ಕೊಟ್ಟು, ಕೆಮ್ಮುವಾಗ ಮೊಣಕೈ ಅಡ್ಡ ಹಿಡಿಯಲು ಹೇಳಿ ಕಳುಹಿಸಿ. ಸೋಂಕು ಹೆಚ್ಚಿದ ಸಮಯದಲ್ಲಿ ಸರ್ಕಾರ ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನು ಪಾಲಿಸಿ. ಆಸ್ತಮಾ ಇರುವ ಮಕ್ಕಳ ಕೆಮ್ಮು ಅಂಟುವಂಥದ್ದಲ್ಲ. ಅವರನ್ನು ತರಗತಿಯಿಂದ ಹೊರಗಿಡುವುದು ಅನ್ಯಾಯ, ಇನ್‌ಹೇಲರ್ ಬಳಸಲು ಬಿಡಬೇಕು. ಆದರೆ ಎದೆ ಒಳಕ್ಕೆ ಸೆಳೆಯುತ್ತಿದ್ದರೆ, ಉಸಿರಿನಲ್ಲಿ ಸುಯ್ ಶಬ್ದವಿದ್ದರೆ, ಕೆಮ್ಮುತ್ತ ವಾಂತಿಯಾಗುತ್ತಿದ್ದರೆ ಶಾಲೆಯಲ್ಲ, ವೈದ್ಯರ ಬಳಿಗೆ. ಬೇಗ ನಿಲ್ಲಲೆಂದು ನೀವಾಗಿಯೇ ಕೆಮ್ಮಿನ ಸಿರಪ್ ಕೊಳ್ಳಬೇಡಿ. ಎರಡು ವರ್ಷದೊಳಗಿನವರಿಗೆ ಅದನ್ನು ಕೊಡಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸಲ್ಲದು ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ಏಳು ವರ್ಷದ ಮಗುವಿಗೂ ಅದರಿಂದ ಆಗುವ ಉಪಕಾರ ಬಹಳ ಕಡಿಮೆ. ಮಲಗುವ ಮುಂಚೆ ಬೆಚ್ಚಗಿನ ನೀರಿನೊಂದಿಗೆ ಒಂದು ಚಮಚ ಜೇನುತುಪ್ಪ ಕೊಡಿ.

ಹೊಟ್ಟೆನೋವನ್ನು ನೆಪವೆಂದು ತಳ್ಳಿಹಾಕಬೇಡಿ. ನೋವು ಹೊಕ್ಕುಳಿನ ಸುತ್ತ ಶುರುವಾಗಿ ಬಲಗಡೆ ಕೆಳಭಾಗಕ್ಕೆ ಇಳಿದರೆ, ನಡೆಯುವಾಗ ಮಗು ಬಗ್ಗಿ ನಡೆದರೆ, ಹಸಿರು ವಾಂತಿಯಾದರೆ ಅದೇ ದಿನ ತೋರಿಸಬೇಕು. ಇವೇನೂ ಇಲ್ಲದೆ, ಭಾನುವಾರ ಮತ್ತು ರಜಾದಿನಗಳಲ್ಲಿ ಬಾರದೆ, ಶಾಲೆಯ ದಿನ ಬೆಳಿಗ್ಗೆ ಮಾತ್ರ ಬರುವ ನೋವೂ ನಿಜವಾದ ನೋವೇ. ಅಂಥ ದಿನ ಶಾಲೆಗೆ ಕಳುಹಿಸಿ, ಆದರೆ ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಾಲೆಯ ಶೌಚಾಲಯಕ್ಕೆ ಹೋಗುತ್ತಾಳೆಯೇ, ನೀರಿನ ಬಾಟಲಿ ತುಂಬಿದಂತೆಯೇ ಮನೆಗೆ ಬರುತ್ತಿದೆಯೇ, ಬಾಗಿಲಿಗೆ ಚಿಲಕವಿದೆಯೇ ಎಂದು ಕೇಳಿ. ಶೌಚಾಲಯ ಗಲೀಜೆಂದು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ, ಮಲಮೂತ್ರ ತಡೆದುಕೊಂಡು ಕೂರುವ ಹೆಣ್ಣುಮಕ್ಕಳು ನನ್ನ ಬಳಿ ವಾರಕ್ಕೊಬ್ಬರಾದರೂ ಬರುತ್ತಾರೆ. ಮಲಬದ್ಧತೆ, ಮೂತ್ರದ ಸೋಂಕು ಎರಡೂ ಅದರಿಂದ ಬರುತ್ತವೆ. ಕಾರಣ ಅದೇ ಆಗಿದ್ದರೆ ಮುಖ್ಯೋಪಾಧ್ಯಾಯರನ್ನು ಕಂಡು ಶೌಚಾಲಯ ಸರಿಪಡಿಸಲು ಕೇಳಿ, ನಾಲ್ಕು ಜನ ಪೋಷಕರನ್ನೂ ಜೊತೆಗೆ ಕರೆದುಕೊಂಡು ಹೋಗಿ.